ಸಾತವ್ವನ ಕಿಂಡಿ

ಕರಿಕಲ್ಲದಿನ್ನಿಯ ಹಳೆಯ ಕೋಟೆಗೋಡೆಯ ಪಡುವಣ ಬದಿಯಲ್ಲಿ, ನಡು ಬಗ್ಗಿಸಿದರಷ್ಟೇ ದಾಟಬಹುದಾದ ಒಂದು ಕಿಂಡಿಯಿದೆ. ನೋಡಲು ಬಂದವರು ಅದನ್ನು ತೋಪು ಹಾರಿಸುವ ಕಿಂಡಿಯೆಂದೇ ತಿಳಿದು, ಅದರಲ್ಲಿ ತಲೆಯಿಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. ಇಲ್ಲಿ ತೋಪೂ ಹಾರಿಲ್ಲ, ಯುದ್ಧವೂ ಆಗಿಲ್ಲ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಅದರ ಮೂಲ ತಿಳಿಯಬೇಕಾದರೆ ನೂರಿಪ್ಪತ್ತು ಮನೆಗಳ ಊರಿನಲ್ಲಿ ಬದುಕಿ ನೋಡಬೇಕು. ಹೋದ ಮಂಗಳವಾರ ನಾನು ಹೊಸ ಚಪ್ಪಲಿ ಕೊಂಡೆ. ಅಂಗಡಿಯಿಂದ ಮನೆಗೆ ಬರುವಷ್ಟರಲ್ಲಿ ಅದು ಎಡಗಾಲಿನ ಕಿರುಬೆರಳಿಗೆ ಕಚ್ಚುತ್ತಿದೆಯೆಂಬುದು ನನ್ನ ಹೆಂಡತಿಗೆ ತಿಳಿದಿತ್ತು. ಮೂವರು ಬಂದು ಕೊಬ್ಬರಿ ಎಣ್ಣೆ ಹಚ್ಚಲು ಹೇಳಿ ಹೋಗಿದ್ದರು.

ಹಿಂದೆ ಒಮ್ಮೆ, ದೇಸಾಯರ ಆಳಿಕೆಯಲ್ಲಿ, ಈ ಊರಿಗೆ ಇದ್ದದ್ದು ಒಂದೇ ಅಗಸೆ ಬಾಗಿಲು ಎನ್ನುತ್ತಾರೆ. ಒಳಗೆ ಬಂದವರು ಯಾರೇ ಆಗಲಿ, ಅಲ್ಲಿನ ಕಟ್ಟೆಯ ಮೇಲೆ ಕುಳಿತು, ಬೆಲ್ಲ ನೀರು ತೆಗೆದುಕೊಂಡು, ಯಾರ ಮನೆಗೆ, ಏತಕ್ಕೆ ಎಂಬುದನ್ನು ಹೇಳಿಯೇ ಮುಂದೆ ಹೋಗಬೇಕು. ಕಂಬಳಿ ನೇಯುವ ಸಾತವ್ವ ಎಂಬ ವಿಧವೆಗೆ ನಿಂಬವ್ವ ಒಬ್ಬಳೇ ಮಗಳು. ಕನ್ಯೆ ನೋಡಲು ಬಂದ ಮೊದಲ ಬೀಗರಿಗೆ ಕಟ್ಟೆಯ ಹಿರಿಯರು, ಹುಡುಗಿ ಬಂಗಾರದಂಥವಳು, ಮಾಳಿಗೆಯಿಂದ ಬಿದ್ದರೂ ನಾಲ್ಕೇ ತಿಂಗಳಿಗೆ ಎದ್ದು ನಡೆದಳು ಎಂದು ಹೊಗಳಿದರು. ಬೀಗರು ಬೆಲ್ಲ ಕೆಳಗಿಟ್ಟು ಎದ್ದರು. ಎರಡನೆಯವರಿಗೆ, ಮೊದಲು ಬಂದವರು ತಿರುಗಿ ಹೋದುದನ್ನು ಮರುಕದಿಂದಲೇ ತಿಳಿಸಿದರು. ಅವರೂ ಎದ್ದರು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಸಿಟ್ಟು ಬರುವುದೇ ಅದಕ್ಕೆ. ಕೆಟ್ಟದ್ದಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಮೂರನೆಯವರು ಬರುವ ಸುದ್ದಿ ತಿಳಿದಾಗ ಸಾತವ್ವ ಗುದ್ದಲಿ ಹಿಡಿದು, ತನ್ನ ಹಿತ್ತಲಿಗೆ ತಾಗಿದ ಕೋಟೆಗೋಡೆಯನ್ನೇ ಒಡೆಯತೊಡಗಿದಳು. ಬೀಗರು ಕಟ್ಟೆಯ ಮುಖ ಕಾಣದೆ ನೇರ ಮನೆಗೆ ಬರಲಿ ಎಂಬುದು ಆಕೆಯ ಹಟ. ಕೋಟೆ ಒಡೆದವರನ್ನು ಊರು ಬಿಡಿಸುವ ಕಟ್ಟಳೆಯಿತ್ತು. ಗುಟ್ಟಾಗಿ ಆರಂಭಿಸಿದ ಕೆಲಸಕ್ಕೆ ಎರಡನೆಯ ದಿನವೇ ಹದಿನೈದು ಜನ ಸಲಹೆ ಕೊಡಲು ಬಂದು ನಿಂತರು. ಒಬ್ಬ ಇನ್ನೂ ಕೆಳಗೆ ಅಗೆ ಎಂದ, ಇನ್ನೊಬ್ಬ ತನ್ನ ಹಾರೆಯನ್ನೇ ತಂದುಕೊಟ್ಟ. ಆದರೆ ದೇಸಾಯರ ಆಳು ಬಂದು ವಿಚಾರಿಸಿದಾಗ, ಗೋಡೆ ಮಳೆಗೆ ಕುಸಿಯಿತೆಂದು ಇಡೀ ಊರು ಒಂದೇ ಮಾತು ಹೇಳಿತಂತೆ. ಅಂದರೆ ಈ ಜನಕ್ಕೆ ಬಾಯಿ ಬಿಗಿಹಿಡಿಯಲು ಬರುತ್ತದೆ ಎಂದಾಯಿತು. ಉಳಿದ ದಿನಗಳಲ್ಲಿ ಏನು ರೋಗವೋ ನಾನರಿಯೆ.

ಬೀಗರು ಬಗ್ಗಿ ಕಿಂಡಿ ದಾಟಿ ತಲೆಯೆತ್ತಿದರೆ, ಕಟ್ಟೆಯ ಹಿರಿಯರೆಲ್ಲ ಹಿತ್ತಲಲ್ಲಿ ಬೆಲ್ಲ ನೀರು ಹಿಡಿದು ಕುಳಿತಿದ್ದರು. ಮಾಳಿಗೆ, ನಾಲ್ಕು ತಿಂಗಳು, ತಿರುಗಿ ಹೋದವರು, ಎಲ್ಲವೂ ಹೊರಬಂತು. ಸಾತವ್ವ ತಲೆ ತಲೆ ಬಡಿದುಕೊಂಡು, "ನನ್ನ ಮಗಳ ಬಾಳೇವು ಹಾಳ ಮಾಡಾಕ ಕುಂತೀರೇನ ಎಲ್ಲಾರೂ!" ಎಂದು ಕೂಗಿದಳು. ವರನ ತಂದೆ ಮಾತ್ರ ಬೆಲ್ಲ ಬಾಯಿಗೆ ಹಾಕಿಕೊಂಡು, "ಇನ್ನ ಏನರ ಹೇಳೂದು ಉಳದೈತೇನ್ರಿ?" ಎಂದು ಕೇಳಿದ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉಳಿದಿರಲಿಲ್ಲ. "ಹಂಗಾರ ಹುಡುಗೀನ ಕರೀರಿ. ಮುಂದ ಗೊತ್ತಾಗೂದೆಲ್ಲ ಈಗ ಗೊತ್ತಾತು" ಎಂದ.

ನಿಂಬವ್ವ ಮದುವೆಯಾಗಿ ದೊಡ್ಡ ಪೇಟೆಗೆ ಹೋದಳು. ಕಿಂಡಿಗೆ ಇನ್ನು ಕೆಲಸವಿರಲಿಲ್ಲ. ಆದರೂ ಸಾತವ್ವ ಅದನ್ನು ಮುಚ್ಚಗೊಡಲಿಲ್ಲ. ತವರಿಗೆ ಬರುವ ಮಗಳಾದರೂ ಯಾರ ಪ್ರಶ್ನೆಗೂ ಸಿಗದೆ ಬರಲಿ ಎಂದಳು. ಕಿಂಡಿಗೆ ಆಕೆಯ ಹೆಸರು ನಿಂತದ್ದು ಆಗಲೇ. ಪಂಚಮಿಗೆ ಮಗಳು ಬರುವ ದಿನ ಬೆಳಗಿನಿಂದ ಅದರ ಬಾಯಲ್ಲೇ ಕಾದು ಕುಳಿತಳು. ಹೊತ್ತು ಇಳಿದರೂ ಮಗಳ ಸುಳಿವಿಲ್ಲ. ಗಾಬರಿಯಿಂದ ಅಗಸೆಗೆ ಓಡಿದರೆ, ನಿಂಬವ್ವ ಮಧ್ಯಾಹ್ನದಿಂದ ಕಟ್ಟೆಯ ಮೇಲೆ ಕುಳಿತು, ಅತ್ತೆಯ ಹಲ್ಲುನೋವಿನವರೆಗೆ ಎಲ್ಲವನ್ನೂ ಹೇಳುತ್ತಿದ್ದಳು.

"ನಿನಗಂತ ಗ್ವಾಡಿ ಒಡದೇನಲ್ಲೇ!" ಎಂದು ಸಾತವ್ವ ಗದರಿದಳು.

"ಯವ್ವಾ, ಆರು ತಿಂಗಳಾತು, ಎಲ್ಲಿಗೆ ಹೊಂಟಿ ಅಂತ ಅಲ್ಲಿ ನನ್ನ ಒಬ್ರೂ ಕೇಳಿಲ್ಲ" ಎಂದು ಮಗಳು ಅತ್ತಳಂತೆ.

ಕಿಂಡಿ ಇಂದಿಗೂ ತೆರೆದೇ ಇದೆ. ಆಡುಗಳು ಹಾಯುತ್ತವೆ, ನೋಡಲು ಬಂದವರು ಹಾಯುತ್ತಾರೆ. ಬಸ್ಸು ನಿಲ್ಲುವುದೂ ಅದರ ಪಕ್ಕದಲ್ಲೇ. ಆದರೂ ತವರಿಗೆ ಬರುವ ಊರಿನ ಹೆಣ್ಣುಮಕ್ಕಳು ಚೀಲ ಹೊತ್ತು, ಬಿಸಿಲಲ್ಲಿ ಕೋಟೆಯನ್ನೆಲ್ಲ ಸುತ್ತಿ, ಅಗಸೆಯಿಂದಲೇ ಒಳಗೆ ಬರುತ್ತಾರೆ.