ಮರಕುಟಿಗನ ನೆತ್ತಿಗೆ ಬಿದ್ದ ಕೆಂಪು ಗೆರೆ

ಲೋಕ ಆಗ ಇನ್ನೂ ಹೊಸತು ಮಕ್ಕಳೇ. ಹಕ್ಕಿಗಳಿಗೆ ಬಣ್ಣ ಬಳಿಯುವ ಕೆಲಸವೇ ಅರ್ಧ ಬಾಕಿ ಇತ್ತು. ಮರಕುಟಿಗನ ಸರದಿ ಬಂದಿರಲಿಲ್ಲ. ಪಾಪ, ತಲೆಯಿಂದ ಬಾಲದವರೆಗೆ ಬರೀ ಬೂದಿ ಬಣ್ಣ. ಆದರೆ ರೋಮಿನವರು ಆಗಲೇ ಕೋಟೆ ಕಟ್ಟುತ್ತಿದ್ದರು. ಅವರಿಗೆ ಎಲ್ಲದಕ್ಕೂ ಅವಸರ.

ಅವರ ಗಡಿಯಲ್ಲಿ ಒಂದು ಮರದ ಕೋಟೆ, ಅದಕ್ಕೊಬ್ಬ ಬಡಗಿ ಪಕಾಟಸ್. ಗರಗಸ, ಬಾಚಿ, ಉಳಿ ಎಲ್ಲ ಅವನು ಹೇಳಿದ ಹಾಗೆ ಕೇಳುತ್ತಿದ್ದವು. ಅವನು ಮಾತ್ರ ಯಾರ ಮಾತೂ ಕೇಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ಬಡಗಣ ಗಾಳಿ ಬಂದು ಹೇಳಿತು: "ಪಕಾಟಸ್, ಸಂಜೆಗೆ ಹಿಮ ಹೊತ್ತು ಬರ್ತೀನಿ. ಬಾಗಿಲು ನಿಲ್ಲಿಸಿಲ್ಲ ಅಂದ್ರೆ ಸೀದಾ ಒಳಗೇ."

ಪಕಾಟಸ್ ಕೋಟೆಯ ಕಡೆ ತಿರುಗಿ ನೋಡಿದ. ಒಳಗೆ ಅವನ ಹತ್ತು ದಿನದ ಮಗಳು ಮಲಗಿದ್ದಳು.

ಬಾಗಿಲಿಗೆ ಒಂದೇ ಕಂಬ ಬಾಕಿ. ಉಳಿದಿದ್ದ ದಿಮ್ಮಿ ಎರಡು. ಒಂದು ನೆಟ್ಟಗೆ, ನುಣ್ಣಗೆ. ಇನ್ನೊಂದು ಬರೀ ಗಂಟು. ಅವನು ನುಣ್ಣನೆಯದನ್ನೇ ಎಳೆದುಕೊಂಡು, ಕೆಮ್ಮಣ್ಣಲ್ಲಿ ಅದ್ದಿದ ದಾರವನ್ನು ಅದರ ಮೇಲೆ ಬಿಗಿದ. ದಾರ ಮೀಟಿದರೆ ಕೆಂಪು ಗೆರೆ ಬೀಳುತ್ತದೆ, ಆ ಗೆರೆಯಲ್ಲೇ ಕೊಯ್ಯುವುದು. ಬಡಗಿಗಳ ಕಟ್ಟಳೆ ಏನೆಂದರೆ, ಗೆರೆ ಯಾವುದರ ಮೇಲೆ ಬಿತ್ತೋ ಅದು ಕೆಲಸಕ್ಕೆ ಸೇರಿತು. ಆಮೇಲೆ ಬಿಡುವ ಹಾಗಿಲ್ಲ.

ಅಷ್ಟರಲ್ಲಿ ಮರಕುಟಿಗ ದಿಮ್ಮಿಯ ಮೇಲೆ ಬಂದು ಕೂತ. ಟಕ್ ಟಕ್ ಬಡಿದು ಕಿವಿಗೊಟ್ಟ. "ಅಣ್ಣಾ, ಇದು ಬೇಡ. ಮೇಲೆ ಥಳಕು, ಒಳಗೆ ಹುಳುಕು. ನನ್ನ ಊಟವೆಲ್ಲ ಇದರಲ್ಲೇ ಇದೆ."

"ಬೂದಿ ಮೂತಿಯವನೇ, ನನಗೇ ಮರದ ಪಾಠ ಹೇಳ್ತೀಯಾ? ಏಳು ಅಲ್ಲಿಂದ."

ಮರಕುಟಿಗ ಏಳಲಿಲ್ಲ. ದಾರದ ಕೆಳಗೆ ತಲೆ ತೂರಿಸಿ ಮತ್ತೆ ಟಕ್ ಟಕ್ ಅಂದ. ಪಕಾಟಸ್ ದಾರ ಮೀಟಿಯೇಬಿಟ್ಟ. ಫಟ್! ಕೆಂಪೆಲ್ಲ ಹಕ್ಕಿಯ ನೆತ್ತಿಗೆ. ದಿಮ್ಮಿಗೆ ಒಂದು ಚುಕ್ಕೆಯೂ ಬೀಳಲಿಲ್ಲ.

ಮರಕುಟಿಗನಿಗೆ ರೇಗಿತು. ಕೊಕ್ಕೆತ್ತಿ ಒಂದೇಟು ಕೊಟ್ಟ. ಚಕ್ಕೆ ಹಾರಿತು, ಒಳಗಿಂದ ಹುಳು ಕೊರೆದ ಮರದ ಹಿಟ್ಟು ಸುರಿಯಿತು, ಹಿಂದೆಯೇ ದಪ್ಪ ಹುಳುವೊಂದು ಇಣುಕಿ "ಯಾರದು?" ಅಂತು.

ಈ ಕಂಬ ನಿಲ್ಲಿಸಿದ್ದರೆ ಗಾಳಿಯ ಒಂದೇ ನೂಕಿಗೆ ಬಾಗಿಲು ಬೀಳುತ್ತಿತ್ತು. ಪಕಾಟಸ್ ಮಗಳನ್ನು ನೆನೆದು ಆ ದಿಮ್ಮಿಯನ್ನು ಆಚೆ ಉರುಳಿಸಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ದಿಮ್ಮಿಗೆ ಗೆರೆ ಬೀಳಲಿಲ್ಲ, ನಾನು ಬದುಕಿದೆ. ಬಿದ್ದದ್ದು ನಿನಗೆ ಕಣಪ್ಪ. ಇನ್ನು ನೀನೂ ಬಡಗಿ, ಕೆಲಸ ಬಿಡೋ ಹಾಗಿಲ್ಲ."

ಮರಕುಟಿಗ ಗಂಟಿನ ದಿಮ್ಮಿಯನ್ನು ಬಡಿದು ನೋಡಿ "ಇದು ಗಟ್ಟಿ" ಅಂದ. ಸಂಜೆಯೊಳಗೆ ಬಾಗಿಲು ನಿಂತಿತು. ಗಾಳಿ ಬಂದು ಡಿಕ್ಕಿ ಹೊಡೆದು, ಮೂಗು ಉಜ್ಜಿಕೊಂಡು ವಾಪಸು ಹೋಯಿತು. ಮಗುವಿಗೆ ಎಚ್ಚರವೂ ಆಗಲಿಲ್ಲ.

ಬಣ್ಣ ಬಳಿಯುವವರು ಬಂದಾಗ ಮರಕುಟಿಗ, "ಬೇರೆಲ್ಲ ಬಳೀರಿ, ನೆತ್ತಿ ಮಾತ್ರ ಮುಟ್ಟಬೇಡಿ" ಅಂದನಂತೆ. ಅದಕ್ಕೇ ಇವತ್ತಿಗೂ ನಿಮ್ಮ ಶಾಲೆಯ ಹಿಂದಿನ ಮರದಲ್ಲಿ ಆ ಕೆಂಪು ನೆತ್ತಿಯವನು ಟಕ್ ಟಕ್ ಬಡಿದು ಕಿವಿಗೊಡುತ್ತಾನೆ. ಗೆರೆ ಬಿದ್ದ ಮೇಲೆ ಕೆಲಸ ಬಿಡುವ ಹಾಗಿಲ್ಲವಲ್ಲ.