ಸತ್ತು ಎದ್ದು ಹಾಡುತ್ತಿದ್ದ ಸೇವಂತಿಬಾಯಿ

ಹಿಂದಕ್ಕೆ, ಬಹಳ ಹಿಂದಕ್ಕೆ, ನಮ್ಮಜ್ಜಿಯ ಕೂದಲು ಇನ್ನೂ ಕಪ್ಪಗಿದ್ದ ಕಾಲದಲ್ಲಿ, ಹೊಳೆದಂಡೆಯ ಮೇಲೆ ಒಂದು ಊರಿತ್ತು. ಬೇರೆ ಯಾವುದೂ ಅಲ್ಲ, ನಮ್ಮೂರೇ. ಸುಗ್ಗಿ ಮುಗಿದ ಮೇಲೆ ಊರಿಗೆ ನಾಟಕ ಕಂಪನಿ ಬರುತ್ತಿತ್ತು. ಬಯಲಿನಲ್ಲಿ ತಗಡಿನ ಥಿಯೇಟರು ಏಳುತ್ತಿತ್ತು. ಆ ಕಂಪನಿಯಲ್ಲಿ ಸೇವಂತಿಬಾಯಿ ಅಂತ ಒಬ್ಬಳು ನಟಿ ಇದ್ದಳು. ಅವಳ ಕಥೆ ಹೇಳುತ್ತೇನೆ, ಸರಿದು ಕುಳಿತುಕೊಳ್ಳಿ.

ಸೇವಂತಿಬಾಯಿ ತೊಟ್ಟಿಲಿನಿಂದ ಇಳಿದದ್ದೇ ಸ್ಟೇಜಿನ ಮೇಲೆ ಅಂತಾರೆ. ಮೊದಲು ಬಾಲಕೃಷ್ಣ ಆದಳು. ಆಮೇಲೆ ರಾಜಕುಮಾರಿ ಆದಳು. ಮೈ ತುಂಬಿಕೊಂಡ ಮೇಲೆ ತಾಯಿ ಆದಳು. ಅವಳು ಹಾಡಿದರೆ ಹೊಳೆಯಾಚೆಯ ಕೂಸುಗಳು ಅಳು ನಿಲ್ಲಿಸುತ್ತಿದ್ದವು ಅಂತಾರೆ. ಎತ್ತುಗಳು ಮೇವು ಬಿಟ್ಟು ಕಿವಿ ನಿಮಿರಿಸುತ್ತಿದ್ದವು ಅಂತಾರೆ. ಎತ್ತಿನ ಮಾತು ನಾನು ನಂಬುವುದಿಲ್ಲ. ನಮ್ಮಜ್ಜಿ ಅತ್ತದ್ದು ಮಾತ್ರ ನಿಜ. ಅಜ್ಜ ಸತ್ತಾಗಲೂ ಅವಳು ಅಷ್ಟು ಅತ್ತಿರಲಿಲ್ಲವಂತೆ.

ನಾಟಕದ ಕೊನೆಗೆ ತಾಯಿ ಸಾಯುತ್ತಾಳೆ. ಸಾಯುವ ಮುಂಚೆ ಒಬ್ಬಳೇ ಮಗಳನ್ನು ಹತ್ತಿರ ಕರೆದು ಹಾಡುತ್ತಾಳೆ. ‘ಬಾಗಿಲ ಹಾಕಬ್ಯಾಡ ಮಗಳೆ, ಬೆಳಗು ಬರುವುದೈತಿ’ ಅಂತ ಆ ಹಾಡು. ಹಾಡು ಮುಗಿಯಿತು, ತಾಯಿ ಸತ್ತಳು. ಆದರೆ ನಮ್ಮೂರಲ್ಲಿ ಅಷ್ಟು ಸುಲಭವಾಗಿ ಸಾಯಲಿಕ್ಕೆ ಬಿಡುತ್ತಿದ್ದರೇ? ಅವಳು ಕಣ್ಣು ಮುಚ್ಚುವುದೇ ತಡ, ಮುಂದಿನ ಸಾಲಿನಲ್ಲಿ ಕುಳಿತ ದನದ ವ್ಯಾಪಾರಿ ಭರಮಗೌಡ ‘ಒನ್ಸ್‌ಮೋರ್’ ಅಂತ ಕೂಗುತ್ತಿದ್ದ. ಹಿಂದೆಯೇ ಇಡೀ ಊರು ಕೂಗುತ್ತಿತ್ತು. ಸೇವಂತಿಬಾಯಿ ಎದ್ದು, ಸೆರಗು ಝಾಡಿಸಿಕೊಂಡು, ಹಾಡನ್ನು ಮೊದಲಿನಿಂದ ಹಾಡಿ, ಮತ್ತೆ ಸಾಯುತ್ತಿದ್ದಳು. ಮಗಳ ಪಾತ್ರದವಳು ಕಣ್ಣೊರೆಸಿಕೊಂಡು ಮತ್ತೆ ಅಳಬೇಕಾಗುತ್ತಿತ್ತು.

ಸತ್ತವಳು ಎದ್ದು ಹಾಡುವುದೇನು ಅಂತ ಪರವೂರಿನವರು ನಗುತ್ತಿದ್ದರಂತೆ. ನಗಲಿ ಬಿಡಿ. ಹಾಡು ಚಲೋ ಇದ್ದರೆ ಸತ್ತವರೂ ಏಳಬೇಕು, ಅದು ನಮ್ಮೂರ ಕಾಯ್ದೆ. ಒನ್ಸ್‌ಮೋರ್ ಕೊಡದೆ ಪರದೆ ಬಿಟ್ಟ ಒಂದು ಕಂಪನಿಗೆ ಮರುದಿನದಿಂದ ಊರಿನ ನಾಯಿಯೂ ಹೋಗಲಿಲ್ಲ ಅಂತಾರೆ.

ವರ್ಷಗಳು ಹೋದವು. ಹಾಡಿ ಹಾಡಿ ಸೇವಂತಿಬಾಯಿಯ ಗಂಟಲು ಸವೆಯಿತು. ಹಾರ್ಮೋನಿಯಂ ನುಡಿಸುವ ಮೋದಿನಸಾಬ ಮಾಸ್ತರರು ಯಾರಿಗೂ ಹೇಳದೆ ವರ್ಷ ವರ್ಷವೂ ಒಂದಿಷ್ಟು ಶ್ರುತಿ ಇಳಿಸುತ್ತ ಬಂದರು. ಇನ್ನೂ ಇಳಿಸಿದರೆ ಗಂಡಸಿನ ಶ್ರುತಿಯಾಗುತ್ತದೆ ಅನ್ನುವ ವರ್ಷವೂ ಬಂತು. ಕಂಪನಿಯ ಮಾಲೀಕ ಗುರುಪಾದಪ್ಪ ಕೆಟ್ಟವನಲ್ಲ, ಆದರೆ ಅಷ್ಟು ಜನರ ಹೊಟ್ಟೆ ಅವನ ತಲೆಯ ಮೇಲಿತ್ತು. ಅವನು ಒಬ್ಬಳು ಹೊಸ ಹುಡುಗಿಯನ್ನು ತಂದಿಟ್ಟುಕೊಂಡಿದ್ದ. ತಲೆ ನರೆತಂತೆ ಕಾಣಲು ಹಿಟ್ಟು ಬಳಿದರೆ ಹುಡುಗಿಯೂ ತಾಯಿಯೇ. ನಮ್ಮೂರಿಗೆ ಬಂದ ದಿನ ಸೇವಂತಿಬಾಯಿಗೆ ನೇರವಾಗಿ ಹೇಳಿದನಂತೆ, ಈ ಊರಿಗೆ ಒನ್ಸ್‌ಮೋರ್ ಕೊಡಲಿಕ್ಕಾಗದಿದ್ದರೆ ನಾಳೆಯಿಂದ ಪಾತ್ರ ಅವಳಿಗೆ, ನೀನು ಒಳಗೆ ಕುಳಿತು ಉಳಿದವರಿಗೆ ಬಣ್ಣ ಹಚ್ಚು ಅಂತ.

ಸೇವಂತಿಬಾಯಿಗೆ ಮನೆ ಇರಲಿಲ್ಲ, ಮಕ್ಕಳಿರಲಿಲ್ಲ. ಇದ್ದದ್ದು ಆ ಪಾತ್ರ ಒಂದೇ. ಅದೂ ಹೋದರೆ ಬದುಕುವುದು ಯಾವುದಕ್ಕೆ?

ಅವತ್ತು ಥಿಯೇಟರು ತುಂಬಿತ್ತು. ಸೇವಂತಿಬಾಯಿ ಹಾಡಿದಳು. ಇದ್ದಬದ್ದ ಉಸಿರೆಲ್ಲ ಕೂಡಿಸಿ ಹಾಡಿದಳು. ಹಾಡು ಹೇಗೋ ದಡ ಮುಟ್ಟಿತು, ತಾಯಿ ಸತ್ತಳು. ಭರಮಗೌಡ ಕೂಗಿದ, ಊರು ಕೂಗಿತು. ಅವಳು ಎದ್ದು ಕುಳಿತಳು. ಬಾಯಿ ತೆರೆದಳು. ಬರೀ ಗಾಳಿ ಬಂತು. ಮತ್ತೆ ತೆರೆದಳು, ಮತ್ತೆ ಗಾಳಿಯೇ ಬಂತು. ಮೋದಿನಸಾಬರು ಶ್ರುತಿ ಬಿಡಲಿಲ್ಲ, ತಲೆ ಬಗ್ಗಿಸಿ ಹಿಡಿದೇ ಇದ್ದರು. ಆ ಕಡೆ ಗುರುಪಾದಪ್ಪನ ಕೈ ಪರದೆಯ ಹಗ್ಗಕ್ಕೆ ಹೋಯಿತು. ಆಗ ಸೇವಂತಿಬಾಯಿ ಜನರಿಗೆ ಕೈ ಮುಗಿದಳು.

“ಯಪ್ಪಗಳಿರಾ, ಇವತ್ತ ಒಮ್ಮೆ ಸತ್ತೀನಿ. ಅಷ್ಟಕ್ಕ ಬಿಡ್ರಿ,” ಅಂದಳು.

ಭರಮಗೌಡ ಎದ್ದು ನಿಂತ. ಜಗಳಕ್ಕೇ ಎದ್ದ ಅಂತ ಎಲ್ಲರೂ ತಿಳಿದರು, ಯಾಕೆಂದರೆ ಅವನು ಎದ್ದದ್ದೆಲ್ಲ ಜಗಳಕ್ಕೇ.

“ನೀ ಕುಂದರ ಯವ್ವಾ,” ಅಂದ. “ಇಷ್ಟು ವರ್ಷ ಎರಡೆರಡು ಸಲ ನೀನ ಹಾಡಿದಿ. ಇವತ್ತಿನ ಎರಡನೇದ್ದು ನಮ್ದು.”

ಹೇಳಿದವನೇ ಹಾಡಲಿಕ್ಕೆ ಶುರು ಮಾಡಿದ. ದನ ಕರೆಯುವ ಗಂಟಲು ಅದು. ಅವನ ಸ್ವರ ಹುಡುಕಿಕೊಂಡು ಮಾಸ್ತರರ ಬೆರಳುಗಳು ಹಾರ್ಮೋನಿಯಂ ಪೆಟ್ಟಿಗೆಯ ಆ ತುದಿಯಿಂದ ಈ ತುದಿಗೆ ಓಡಾಡಿದವು, ಸಿಗಲಿಲ್ಲ. ಅಷ್ಟರಲ್ಲಿ ಹೆಂಗಸರು ಕುಳಿತ ಕಡೆಯಿಂದ ನಮ್ಮಜ್ಜಿ ದನಿ ಕೂಡಿಸಿದಳು, ಅವಳ ಪಕ್ಕದವಳು ಕೂಡಿಸಿದಳು, ಹಾಡು ದಾರಿಗೆ ಬಂತು. ಆಮೇಲೆ ಊರಿಗೆ ಊರೇ ಹಾಡಿತು. ಒಬ್ಬರೂ ಒಂದು ಶಬ್ದ ತಪ್ಪಲಿಲ್ಲ ಅಂತಾರೆ. ಹೇಗೆ ತಪ್ಪಿಯಾರು? ವರ್ಷಾನುಗಟ್ಟಲೆ ಅವಳನ್ನು ಎಬ್ಬಿಸಿ ಎಬ್ಬಿಸಿ ಕೇಳಿದ್ದ ಹಾಡು.

ಸೇವಂತಿಬಾಯಿ ತಾನು ಸತ್ತ ಹಾಸಿಗೆಯ ಮೇಲೆ ಕುಳಿತು ಕೇಳಿದಳು. ತನ್ನ ಹಾಡನ್ನು ಇನ್ನೊಬ್ಬರ ಬಾಯಲ್ಲಿ ಅವಳು ಕೇಳಿದ್ದು ಅದೇ ಮೊದಲು. ಹಾಡು ಮುಗಿದ ಮೇಲೆ ಮತ್ತೆ ಮಲಗಿ ಒಪ್ಪವಾಗಿ ಸತ್ತಳು. ಗುರುಪಾದಪ್ಪ ಹಗ್ಗ ಹಿಡಿದುಕೊಂಡೇ ಅಳುತ್ತಿದ್ದನಂತೆ. ಪಾತ್ರ ಅವಳಿಗೇ ಉಳಿಯಿತು. ಹೊಸ ಹುಡುಗಿ ನಾಟಕದಲ್ಲಿ ಮಗಳಾದಳು. ಅಲ್ಲಿಂದ ಮುಂದೆ ನಮ್ಮೂರಲ್ಲಿ ಮೊದಲನೆಯ ಸಲ ಅವಳು ಹಾಡುತ್ತಿದ್ದಳು, ಎರಡನೆಯ ಸಲ ನಾವು.

ಒಂದು ವರ್ಷ ಕಂಪನಿ ಅವಳಿಲ್ಲದೆ ಬಂತು. ಯಾವುದೋ ದೂರದ ಊರಿನ ಕ್ಯಾಂಪಿನಲ್ಲಿ ತೀರಿಕೊಂಡಳು ಅಂತ ಮೋದಿನಸಾಬರು ಹೇಳಿದರು. ಭರಮಗೌಡ ಬಯಲಿಗೆ ಹೋಗಿ, ಇನ್ನೂ ಕಟ್ಟದ ಸ್ಟೇಜಿನ ಎದುರು ನಿಂತು, ಒನ್ಸ್‌ಮೋರ್ ಅಂತ ಕೂಗಿದ. ಬಹಳ ಹೊತ್ತು ನಿಂತೇ ಇದ್ದ ಅಂತಾರೆ.

ಈಗ ಆ ಕಂಪನಿ ಇಲ್ಲ, ತಗಡಿನ ಥಿಯೇಟರೂ ಇಲ್ಲ. ವರ್ಷಕ್ಕೊಮ್ಮೆ ನಮ್ಮ ಹುಡುಗರೇ ಬಣ್ಣ ಹಚ್ಚಿಕೊಳ್ಳುತ್ತಾರೆ. ಆದರೆ ಯಾವ ನಾಟಕವೇ ಇರಲಿ, ಪರದೆ ಏಳುವ ಮುಂಚೆ ಊರಿನ ಹಿರಿಯರೊಬ್ಬರು ಎದ್ದು ಒನ್ಸ್‌ಮೋರ್ ಅಂತ ಕೂಗಬೇಕು. ಇನ್ನೂ ಯಾರೂ ಹಾಡಿಯೇ ಇಲ್ಲವಲ್ಲ ಅಂತ ಪರವೂರಿನವರು ಈಗಲೂ ನಗುತ್ತಾರೆ. ನಾವು ಸ್ವಲ್ಪ ಹೊತ್ತು ಸೇವಂತಿಬಾಯಿಗೆ ಕಾಯುತ್ತೇವೆ. ಎದ್ದು ರೂಢಿ ಇದ್ದವಳು, ಎದ್ದರೂ ಎದ್ದಾಳು. ಆಮೇಲೆ ಅವಳ ಹಾಡನ್ನು ನಾವೇ ಹಾಡುತ್ತೇವೆ.