ಐವರು ಕಾಪಾಡಿದ ಬೇಲಿ

"ಬುದ್ಧಿ, ಹಿಂದಿನವರು ಮಾಡಿದ್ದರಲ್ಲಿ ನಾನು ಒಂದನ್ನೂ ಬಿಟ್ಟಿಲ್ಲ. ಹಾಗಿದ್ದೂ ಮಠಕ್ಕೆ ಉಣ್ಣಲು ಬಂದವರು ಹಸಿದೇ ಎದ್ದು ಹೋಗುತ್ತಾರೆ. ನನ್ನ ತಪ್ಪೇನು?"

ಹೀಗೆ ಕೇಳಿದವನು ಮರುಳಯ್ಯ. ಮಠದ ದಾಸೋಹವನ್ನು ಗುರುಗಳು ಅವನಿಗೆ ಒಪ್ಪಿಸಿ ಒಂಬತ್ತು ವರ್ಷವಾಗಿತ್ತು. ಅವನಿಗಿಂತ ಬಹಳ ಹಿಂದೆ ಎಲೆ ಹಾಕಿದ ಕೂಡಲೇ ಅನ್ನ ಬಡಿಸುತ್ತಿದ್ದರು. ಆಮೇಲೆ ದಾಸೋಹ ನೋಡಿಕೊಂಡ ಒಬ್ಬೊಬ್ಬ ಹಿರಿಯರೂ ಭಕ್ತಿಯಿಂದ ಊಟಕ್ಕೆ ಮುಂಚೆ ಒಂದೊಂದು ಪ್ರಾರ್ಥನೆಯನ್ನೋ ಮಂಗಳಾರತಿಯನ್ನೋ ಸೇರಿಸಿದರು. ಈಗ ಅನ್ನ ಎಲೆಗೆ ಬೀಳುವಾಗ ಹೊತ್ತು ಇಳಿದಿರುತ್ತದೆ. ಕೂಲಿಗೆ ಹೋಗಬೇಕಾದವರು ಕಾದು ಕಾದು ಎದ್ದುಬಿಡುತ್ತಾರೆ. ಒಂದನ್ನಾದರೂ ಕೈಬಿಡೋಣವೆಂದರೆ ಮರುಳಯ್ಯನಿಗೆ ಧೈರ್ಯವಿಲ್ಲ.

ಗುರುಗಳು ಗೋಡೆಗೆ ಒರಗಿಕೊಂಡರು. "ಕೂತುಕೋ. ನನಗೂ ಸಾಕಾಗಿದೆ, ನಿನಗೂ ಸಾಕಾಗಿದೆ. ಒಂದು ಕತೆ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ" ಎಂದು ಶುರು ಮಾಡಿದರು.

ಐರ್ಲೆಂಡ್ ಅಂತ ಒಂದು ದೇಶವಿದೆ. ಅಲ್ಲಿ ಒಬ್ಬ ಜಮೀನುದಾರ ತನ್ನ ಬಂಗಲೆಯ ಮುಂದೆ ದೊಡ್ಡ ಉದ್ಯಾನ ಮಾಡಿಸಿದ. ಬಾಗಿಲಿನಿಂದ ಕೆರೆಯವರೆಗೆ ಒಂದು ನೇರ ದಾರಿ. ದಾರಿಯ ಎರಡು ಬದಿಗೂ ಯೂ ಎಂಬ ಮರದ ಸಸಿಗಳನ್ನು ನೆಡಿಸಿದ. ಆ ಮರ ನೂರಾರು ವರ್ಷ ಬಾಳುತ್ತದೆ, ಕತ್ತರಿಸುತ್ತಾ ಹೋದರೆ ಗೋಡೆಯ ಹಾಗೆ ಬೇಲಿಯಾಗಿ ನಿಲ್ಲುತ್ತದೆ. ದಾರಿಯಲ್ಲಿ ನಾಲ್ಕು ಜನ ಸಾಲಾಗಿ ನಡೆಯಬಹುದಿತ್ತು. ಬಾಗಿಲಲ್ಲಿ ನಿಂತರೆ ಕೆರೆಯ ನೀರು ಕಾಣುತ್ತಿತ್ತು. ತೋಟಗಾರನಿಗೆ ಅವನು ಹೇಳಿದ್ದು ಇಷ್ಟೇ: ವರ್ಷಕ್ಕೊಮ್ಮೆ ಕತ್ತರಿಸು, ಹೀಗೇ ಇರಲಿ.

ತೋಟಗಾರ ಒಳ್ಳೆಯವನು. ವರ್ಷಾ ವರ್ಷಾ ಕತ್ತರಿಸಿದ. ಆದರೆ ಹಿಂದಿನ ಗುರುತಿಗೇ ಕತ್ತರಿಸಿದರೆ ಒಣ ಕಡ್ಡಿ ಕಾಣುತ್ತದೆ, ನೋಡಿದವರು ಏನಂದಾರು? ಅದಕ್ಕೆ ಗೋಧಿ ಕಾಳಿನಷ್ಟು ಹಸಿರು ಉಳಿಸಿದ. ಒಂದು ಕಾಳಿನಷ್ಟು ಉಳಿಸಿದರೆ ಯಾರಿಗೆ ತಾನೇ ಕಾಣುತ್ತದೆ? ಅವನ ನಂತರ ಬಂದವನೂ ಅಷ್ಟೇ ಉಳಿಸಿದ. ಹೀಗೆ ಇನ್ನೂರು ವರ್ಷದ ಸಮೀಪ ಐದು ಜನ ತೋಟಗಾರರು ಆ ಬೇಲಿಯನ್ನು ಕಾಪಾಡಿದರು. ಒಂದು ವರ್ಷವೂ ಕೆಲಸ ತಪ್ಪಲಿಲ್ಲ. ಎಲ್ಲರೂ ಹೊಗಳಿಸಿಕೊಂಡೇ ಹೋದರು.

ಐದನೆಯವನ ಕಾಲಕ್ಕೆ ಆ ದಾರಿಯಲ್ಲಿ ಒಬ್ಬನೇ ಒಬ್ಬ ಮೈ ಓರೆ ಮಾಡಿಕೊಂಡು ಹೋಗಬೇಕಾಗಿತ್ತು. ಕೆರೆ ಕಾಣುವ ಮಾತೇ ಇಲ್ಲ. ಬಂಗಲೆಯ ಒಡತಿ ಹಳೆಯ ಉದ್ಯಾನಗಳನ್ನು ಬಲ್ಲ ಒಬ್ಬನನ್ನು ಕರೆಸಿದಳು. ಅವನು ಮೊದಲಿನ ನಕ್ಷೆ ಹಿಡಿದು ಅಳೆದ. ದಾರಿಯ ಕಡೆ ಬೆಳೆದದ್ದನ್ನೆಲ್ಲ ಬೊಡ್ಡೆಯವರೆಗೆ ಕಡಿಯಬೇಕು, ಈ ಮರ ಹಳೆಯ ಬೊಡ್ಡೆಯಿಂದಲೂ ಚಿಗುರಬಲ್ಲದು, ಆದರೆ ಗೋಡೆಯ ಹಾಗೆ ತುಂಬಿಕೊಳ್ಳಲು ಹತ್ತು ವರ್ಷವಾದರೂ ಬೇಕು, ಒಂದೊಂದು ಮರ ಸತ್ತರೂ ಸತ್ತೀತು ಎಂದು ಹೇಳಿ ಹೋದ.

ಐದನೆಯ ತೋಟಗಾರನಿಗೆ ಆಗ ಎಪ್ಪತ್ತರ ಹತ್ತಿರ. ನಲವತ್ತು ವರ್ಷ ಆ ಬೇಲಿಯ ಮುಂದೆ ಏಣಿ ಹತ್ತಿ ಇಳಿದು ಮೊಣಕಾಲು ಸವೆದಿದ್ದವು. ಅವನಿಗಿದ್ದ ಆಸ್ತಿ ಎಂದರೆ ಊರಿನಲ್ಲಿದ್ದ ಒಳ್ಳೆಯ ಹೆಸರು, ಅಷ್ಟೇ. ಅಳತೆಯ ಮಾತು ಕೇಳಿ ಅವನಿಗೆ ಅವಮಾನವಾಯಿತು, ಆಮೇಲೆ ದುಃಖವಾಯಿತು. ಒಡತಿಗೆ ಅದು ಗೊತ್ತಾಯಿತು.

"ನೀವು ಈಗಲೇ ಕೆಲಸ ಬಿಟ್ಟುಬಿಡಿ. ಹೊರಗಿನವರಿಂದ ಕಡಿಸುತ್ತೇನೆ. ಬೈಗುಳ ಅವರಿಗೆ ಹೋಗಲಿ, ನಿಮ್ಮ ಹೆಸರು ಉಳಿಯಲಿ" ಎಂದಳು.

ಮುದುಕ ಒಂದು ವಾರ ಕೆಲಸಕ್ಕೆ ಬರಲಿಲ್ಲ. ಎಂಟನೆಯ ದಿನ ಬಂದು ಹೇಳಿದ: "ಯಾವ ಬೊಡ್ಡೆ ಎಷ್ಟು ತಡೆಯುತ್ತದೆ ಎಂದು ಹೊರಗಿನವನಿಗೆ ಗೊತ್ತಿಲ್ಲಮ್ಮ. ಕಡಿಯುವುದಾದರೆ ನಾನೇ ಕಡಿಯುತ್ತೇನೆ."

ಚಳಿಗಾಲ ಮುಗಿಯುವ ಹೊತ್ತಿಗೆ ಶುರು ಮಾಡಿದ. ಗರಗಸ ಹಿಡಿದು ದಿನಕ್ಕೆ ನಾಲ್ಕು ಮಾರು ಹೋಗುವಷ್ಟರಲ್ಲಿ ತೋಳು ಬಿದ್ದುಹೋಗುತ್ತಿತ್ತು. ಮುಗಿದಾಗ ಎರಡು ಬದಿಗೂ ಬರೀ ಕಂದು ಬೊಡ್ಡೆಗಳು. ಕೆರೆ ಕಂಡಿತು. ಆದರೆ ಅದನ್ನು ಯಾರೂ ನೋಡಲಿಲ್ಲ. ಜನ ಬೊಡ್ಡೆಗಳನ್ನು ನೋಡಿದರು. ನಲವತ್ತು ವರ್ಷ ಈ ಮನೆಯ ಅನ್ನ ತಿಂದು ಕೊನೆಗೆ ಈ ಕೆಲಸ ಮಾಡಿದನಲ್ಲ ಎಂದರು. ಹಿಂದಿನ ನಾಲ್ವರ ಹೆಸರು ಹೇಳಿ, ಅವರೆಂಥವರು, ಇವನೆಂಥವನು ಎಂದರು.

ಆ ವರ್ಷ ಒಂದು ಚಿಗುರೂ ಬರಲಿಲ್ಲ. ಮುದುಕ ಪ್ರತಿದಿನ ಹೋಗಿ ಬೊಡ್ಡೆಗಳನ್ನು ಬೆರಳಲ್ಲಿ ಸವರಿ ನೋಡಿ ಬರುತ್ತಿದ್ದ. ಮರುವರ್ಷ ಬೇಸಿಗೆ ಬರುವ ಮೊದಲೇ ಹಾಸಿಗೆ ಹಿಡಿದ. ಒಡತಿ ನೋಡಲು ಬಂದಾಗ, ಏನಾದರೂ ಕಾಣಿಸಿತೇ ಎಂದು ಕೇಳಿದ. ಅವಳಿಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಇನ್ನೂ ಇಲ್ಲ ಎಂದಳು. ಅವನು ಸತ್ತಾಗ ಹೆಣದ ಹಿಂದೆ ನಡೆದವರು ಆರೇಳು ಜನ.

ಗುರುಗಳು ಇಷ್ಟು ಹೇಳಿ ಕಣ್ಣು ಮುಚ್ಚಿಕೊಂಡರು. ಕತೆ ಮುಗಿಯಿತೋ ಇಲ್ಲವೋ ಮರುಳಯ್ಯನಿಗೆ ತಿಳಿಯಲಿಲ್ಲ. ತಡೆಯಲಾರದೆ ಕೇಳಿದ:

"ಕೊನೆಗೆ ಅದು ಚಿಗುರಿತೇ ಬುದ್ಧಿ?"

"ಅವನೂ ಅದನ್ನೇ ಕೇಳುತ್ತಾ ಸತ್ತ ಕಣಯ್ಯಾ; ನೀನು ನಾಳೆ ಅನ್ನ ಎಷ್ಟು ಹೊತ್ತಿಗೆ ಬಡಿಸುತ್ತೀ, ಅದನ್ನು ಹೇಳು."